ಆಲ್ಫ್ರೆಡ್ ಸ್ಟರ್ಟೆವಂಟ್

ಆಲ್ಫ್ರೆಡ್ ಹೆನ್ರಿ ಸ್ಟರ್ಟೆವಂಟ್ (ನವೆಂಬರ್ 21, 1891 – ಏಪ್ರಿಲ್ 5, 1970) ಅಮೆರಿಕ ಸಂಯುಕ್ತ ಸಂಸ್ಥಾನದ ತಳಿವಿಜ್ಞಾನಿ. ಜೀನ್ ಎಂದೂ ಕರೆಯಲಾಗುವ ವಂಶವಾಹಿಗಳು ವರ್ಣತಂತುವಿನ ಮೇಲೆ ಒಂದೇ ಸಾಲಿನಲ್ಲಿ ಜೋಡಣೆಗೊಂಡಿವೆ ಎಂಬುದನ್ನು ಪದವಿ ವಿದ್ಯಾರ್ಥಿಯಾಗಿದ್ದಾಗಲೇ ತೋರಿಸಿ, ಜಗತ್ತಿನ ಮೊದಲ ತಳಿನಕ್ಷೆಯನ್ನು ರಚಿಸಿದವರು ಇವರು. ಪಠ್ಯಪುಸ್ತಕಗಳಲ್ಲಿ ಇವರ ಹೆಸರು ಬಹುಮಟ್ಟಿಗೆ ಈ ಒಂದು ನಕ್ಷೆಗೇ ಸೀಮಿತವಾಗಿದೆ. ಆದರೆ ಅದೇ ವಿಧಾನವನ್ನು ಅವರು ಮುಂದಿನ ಮೂರು ದಶಕಗಳ ಕಾಲ ಮತ್ತೊಂದು ಪ್ರಶ್ನೆಗೆ ಬಳಸಿದರು. ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಹಣ್ಣುನೊಣಗಳಲ್ಲಿ ಯಾವುದು ಯಾವುದಕ್ಕೆ ಹತ್ತಿರದ ಸಂಬಂಧಿ, ಯಾವ ಕವಲು ಯಾವುದರಿಂದ ಒಡೆದು ಬಂತು ಎಂಬುದು ಆ ಪ್ರಶ್ನೆ. ವಂಶವಾಹಿಗಳ ಅನುಕ್ರಮವನ್ನೇ ಚರಿತ್ರೆಯ ದಾಖಲೆಯಂತೆ ಓದಬಹುದೆಂದು ತೋರಿಸಿದವರಲ್ಲಿ ಸ್ಟರ್ಟೆವಂಟ್ ಮೊದಲಿಗರು.

ಬಾಲ್ಯ ಮತ್ತು ಶಿಕ್ಷಣ

ಸ್ಟರ್ಟೆವಂಟ್ ಇಲಿನಾಯ್ ರಾಜ್ಯದ ಜ್ಯಾಕ್ಸನ್‌ವಿಲ್‌ನಲ್ಲಿ ಆರು ಮಕ್ಕಳಲ್ಲಿ ಕಿರಿಯವರಾಗಿ ಜನಿಸಿದರು. ತಾತ ಜೂಲಿಯನ್ ಸ್ಟರ್ಟೆವಂಟ್ ಇಲಿನಾಯ್ ಕಾಲೇಜಿನ ಅಧ್ಯಕ್ಷರಾಗಿದ್ದವರು. ತಂದೆ ಕೆಲಕಾಲ ಅಲ್ಲಿಯೇ ಗಣಿತ ಬೋಧಿಸಿ, ಅನಂತರ ಬೇಸಾಯಕ್ಕೆ ತೊಡಗಿದರು. ಆಲ್ಫ್ರೆಡ್ ಏಳು ವರ್ಷದ ಹುಡುಗನಾಗಿದ್ದಾಗ ಕುಟುಂಬ ದಕ್ಷಿಣ ಅಲಬಾಮಕ್ಕೆ ವಲಸೆ ಹೋಯಿತು. ಅಲ್ಲಿನ ಹೊಲಮನೆಯಲ್ಲಿ ತಂದೆ ಸಾಕಿದ ಕುದುರೆಗಳ ವಂಶಾವಳಿಯನ್ನು ಬರೆದಿಡುವುದು ಬಾಲಕನ ಹವ್ಯಾಸವಾಯಿತು. ಯಾವ ಕುದುರೆಗೆ ಯಾವುದು ತಾಯಿ, ಯಾವುದು ತಂದೆ, ಮರಿಯ ಮೈಬಣ್ಣ ಯಾರಿಂದ ಬಂತು ಎಂಬ ಲೆಕ್ಕ ಅದು.

1908ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಣ್ಣ ಎಡ್ಗರ್ ಸ್ಟರ್ಟೆವಂಟ್ ಆಗ ಅದೇ ನಗರದ ಬರ್ನಾರ್ಡ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ತಮ್ಮನನ್ನು ಮನೆಯಲ್ಲಿರಿಸಿಕೊಂಡು ಓದಿಸಿದರು. ಎಡ್ಗರ್ ಮುಂದೆ ಪ್ರಾಚೀನ ಹಿಟ್ಟೈಟ್ ಭಾಷೆಯ ವಿದ್ವಾಂಸರಾಗಿ ಪ್ರಸಿದ್ಧರಾದರು. ಅಣ್ಣ ಭಾಷೆಗಳ ಬಂಧುತ್ವವನ್ನೂ ತಮ್ಮ ನೊಣಗಳ ಬಂಧುತ್ವವನ್ನೂ ಹುಡುಕಿದ್ದು ಆಕಸ್ಮಿಕವಿರಬಹುದು. ಆದರೆ ಆಲ್ಫ್ರೆಡ್ ತಳಿವಿಜ್ಞಾನಕ್ಕೆ ಬಂದದ್ದು ಅಣ್ಣನ ಒತ್ತಾಸೆಯಿಂದಲೇ. ಮೆಂಡಲನ ನಿಯಮಗಳ ಮೇಲೆ ಪನೆಟ್ ಬರೆದ ಪುಸ್ತಕವನ್ನು ಓದಿದ ಆಲ್ಫ್ರೆಡ್‌ಗೆ, ಕುದುರೆಗಳ ಮೈಬಣ್ಣವನ್ನು ಅದೇ ನಿಯಮಗಳಿಂದ ವಿವರಿಸಬಹುದೆಂದು ಹೊಳೆಯಿತು. ಅದನ್ನು ಬರೆದು ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದ ಥಾಮಸ್ ಹಂಟ್ ಮಾರ್ಗನ್ ಅವರಿಗೆ ತೋರಿಸುವಂತೆ ಎಡ್ಗರ್ ಸೂಚಿಸಿದರು. ಮಾರ್ಗನ್ ಮೆಚ್ಚಿಕೊಂಡ ಆ ಲೇಖನ 1910ರಲ್ಲಿ ಪ್ರಕಟವಾಯಿತು. ಅದೇ ವರ್ಷ ಹದಿಹರೆಯದ ಈ ವಿದ್ಯಾರ್ಥಿಗೆ ಮಾರ್ಗನ್ ಪ್ರಯೋಗಾಲಯದಲ್ಲಿ ಒಂದು ಮೇಜು ದೊರೆಯಿತು.

ನೊಣದ ಕೋಣೆ ಮತ್ತು ಮೊದಲ ನಕ್ಷೆ

ಇತಿಹಾಸದಲ್ಲಿ ನೊಣದ ಕೋಣೆ ಎಂದು ಹೆಸರಾದ ಈ ಪ್ರಯೋಗಾಲಯ 16 ಅಡಿ ಅಗಲ, 23 ಅಡಿ ಉದ್ದದ ಒಂದು ಕೊಠಡಿ. ಅದರೊಳಗೆ ಎಂಟು ಮೇಜುಗಳು, ಹಾಲಿನ ಸೀಸೆಗಳಲ್ಲಿ ಬೆಳೆಯುವ ಸಹಸ್ರಾರು ಹಣ್ಣುನೊಣಗಳು, ಅವುಗಳ ಆಹಾರಕ್ಕೆ ಕಳಿತ ಬಾಳೆಹಣ್ಣು. ಕೆಂಪು ಕಣ್ಣಿನ ನೊಣಗಳ ನಡುವೆ ಬಿಳಿ ಕಣ್ಣಿನ ಒಂದು ಗಂಡುನೊಣ ಮಾರ್ಗನ್ ಅವರ ಕಣ್ಣಿಗೆ ಬಿದ್ದದ್ದು 1910ರಲ್ಲಿ. ಆಮೇಲೆ ಹಳದಿ ಮೈ, ಕಿರಿದಾದ ರೆಕ್ಕೆ, ಮೊಟಕು ರೆಕ್ಕೆ ಎಂದು ಒಂದರ ಹಿಂದೊಂದು ಉತ್ಪರಿವರ್ತಿತ ನೊಣಗಳು ದೊರೆತವು. ಇಂಥ ಪ್ರತಿಯೊಂದು ಲಕ್ಷಣವೂ ವರ್ಣತಂತುವಿನ ಒಂದು ನಿರ್ದಿಷ್ಟ ತಾಣವನ್ನು ಸೂಚಿಸುವುದರಿಂದ ಅದನ್ನು ತಳಿಗುರುತು ಎನ್ನಬಹುದು. ಸೀಸೆ ತೊಳೆಯುವ ಕೆಲಸಕ್ಕೆ ಸೇರಿದ ಕ್ಯಾಲ್ವಿನ್ ಬ್ರಿಜಸ್ ಮತ್ತು ಅನಂತರ ಬಂದ ಹರ್ಮನ್ ಮುಲ್ಲರ್ ಈ ಕೋಣೆಯ ಇನ್ನಿಬ್ಬರು ಪ್ರತಿಭಾವಂತರು.

1911ರ ಕೊನೆಯ ಭಾಗದಲ್ಲಿ ಮಾರ್ಗನ್ ಜೊತೆ ಮಾತನಾಡುತ್ತಿದ್ದಾಗ ಸ್ಟರ್ಟೆವಂಟ್ ಅವರಿಗೆ ಒಂದು ವಿಚಾರ ಹೊಳೆಯಿತು. ಮೊಟ್ಟೆ ರೂಪುಗೊಳ್ಳುವಾಗ ಜೋಡಿ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಒಂದಕ್ಕೊಂದು ಹತ್ತಿರವಿರುವ ವಂಶವಾಹಿಗಳು ಆಗ ಅಪರೂಪಕ್ಕೆ ಬೇರ್ಪಡುತ್ತವೆ, ದೂರವಿರುವವು ಪದೇ ಪದೇ ಬೇರ್ಪಡುತ್ತವೆ. ಹಾಗಿದ್ದರೆ ಬೇರ್ಪಟ್ಟ ಮರಿಗಳ ಪ್ರಮಾಣವನ್ನೇ ದೂರದ ಅಳತೆಯಾಗಿ ಏಕೆ ತೆಗೆದುಕೊಳ್ಳಬಾರದು? ಕಾಲೇಜಿನ ಪಾಠಗಳನ್ನು ಬದಿಗಿಟ್ಟು, ಪ್ರಯೋಗಾಲಯದ ಅಂಕಿಅಂಶಗಳನ್ನು ಮನೆಗೆ ಒಯ್ದು, ರಾತ್ರಿಯ ಬಹುಭಾಗ ಕುಳಿತು ಅವರು ನಕ್ಷೆಯನ್ನು ಸಿದ್ಧಪಡಿಸಿದರು. 1913ರಲ್ಲಿ ಪ್ರಕಟವಾದ ಆ ನಕ್ಷೆಯಲ್ಲಿ ಹಳದಿ ಮೈಯ ತಾಣ ಸೊನ್ನೆಯಲ್ಲಿದೆ. ಬಿಳಿ ಕಣ್ಣು 1.0ರಲ್ಲಿ, ಹವಳಗೆಂಪು ಕಣ್ಣು 30.7ರಲ್ಲಿ, ಕಿರಿದಾದ ರೆಕ್ಕೆ 33.7ರಲ್ಲಿ, ಮೊಟಕು ರೆಕ್ಕೆ 57.6ರಲ್ಲಿವೆ. ವಂಶವಾಹಿ ಯಾವ ವಸ್ತುವಿನಿಂದಾಗಿದೆ ಎಂಬುದೇ ತಿಳಿಯದಿದ್ದ ಕಾಲದಲ್ಲಿ ಅದರ ವಿಳಾಸ ಹೀಗೆ ತಿಳಿಯಿತು. ಈ ದೂರವನ್ನು ಅಳೆಯುವ ಮಾನಕ್ಕೆ ಮುಂದೆ ಜೆ. ಬಿ. ಎಸ್. ಹಾಲ್ಡೇನ್ ಅವರು ಮಾರ್ಗನ್ ಹೆಸರನ್ನೇ ಇಟ್ಟರು.

ಸ್ಟರ್ಟೆವಂಟ್ 1914ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷ ಮಾರ್ಗನ್, ಮುಲ್ಲರ್ ಮತ್ತು ಬ್ರಿಜಸ್ ಅವರೊಡನೆ ಸೇರಿ ಮೆಂಡಲೀಯ ಆನುವಂಶಿಕತೆಯ ಕಾರ್ಯವಿಧಾನವನ್ನು ಕುರಿತ ಗ್ರಂಥವನ್ನು ಹೊರತಂದರು. ಕಾರ್ನೆಗಿ ಸಂಸ್ಥೆಯ ವೇತನದ ಮೇಲೆ 1928ರವರೆಗೂ ಅದೇ ಕೋಣೆಯಲ್ಲಿ ದುಡಿದರು. 1922ರಲ್ಲಿ ಫೀಬಿ ಕರ್ಟಿಸ್ ರೀಡ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಮೂವರು ಮಕ್ಕಳು.

ಸೋದರ ಪ್ರಭೇದದ ಶೋಧ

ಸ್ಟರ್ಟೆವಂಟ್ ತಳಿವಿಜ್ಞಾನಿಯಾಗಿದ್ದಂತೆಯೇ ವರ್ಗೀಕರಣಕಾರರೂ ಆಗಿದ್ದರು. ನೊಣದ ಕೋಣೆಯ ಉಳಿದವರಿಗೆ ಡ್ರೊಸೊಫಿಲ ಒಂದು ಪ್ರಯೋಗ ಸಾಧನವಾಗಿದ್ದರೆ ಇವರಿಗೆ ಅದು ಕಾಡುಮೇಡುಗಳಲ್ಲಿ ಬದುಕುವ, ನೂರಾರು ಬಂಧುಗಳಿರುವ ಒಂದು ಜೀವಿ. 1919ರಲ್ಲಿ ಅವರು ಒಂದು ಹೊಸ ಪ್ರಭೇದವನ್ನು ವಿವರಿಸಿದರು. ಪ್ರಯೋಗಾಲಯದ ಪರಿಚಿತ ಡ್ರೊಸೊಫಿಲ ಮೆಲನೊಗ್ಯಾಸ್ಟರ್ ನೊಣವನ್ನೇ ಅದು ಎಷ್ಟು ಹೋಲುತ್ತಿತ್ತೆಂದರೆ, ಎರಡನ್ನೂ ಖಚಿತವಾಗಿ ಪ್ರತ್ಯೇಕಿಸಲು ಗಂಡುನೊಣದ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ನೋಡಬೇಕಿತ್ತು. ಅನುಕರಿಸುವಂಥದು ಎಂಬ ಅರ್ಥ ಬರುವಂತೆ ಅದಕ್ಕೆ ಡ್ರೊಸೊಫಿಲ ಸಿಮ್ಯುಲನ್ಸ್ ಎಂದು ಹೆಸರಿಟ್ಟರು.

ಈ ಎರಡು ಪ್ರಭೇದಗಳು ಪರಸ್ಪರ ಕೂಡುತ್ತವೆ, ಆದರೆ ಮಿಶ್ರತಳಿಯ ಮರಿಗಳಿಗೆ ಸಂತಾನಶಕ್ತಿ ಇರುವುದಿಲ್ಲ. ಮೆಲನೊಗ್ಯಾಸ್ಟರ್ ಹೆಣ್ಣನ್ನು ಸಿಮ್ಯುಲನ್ಸ್ ಗಂಡಿನೊಡನೆ ಕೂಡಿಸಿದರೆ ಬದುಕಿ ಉಳಿಯುವ ಮರಿಗಳು ಬಹುತೇಕ ಹೆಣ್ಣುಗಳೇ. ಸಂತತಿ ಒಂದೇ ತಲೆಮಾರಿಗೆ ಕೊನೆಗೊಳ್ಳುವುದರಿಂದ ಸಾಮಾನ್ಯ ರೀತಿಯ ತಳಿಪರೀಕ್ಷೆ ಇಲ್ಲಿ ಸಾಧ್ಯವಿರಲಿಲ್ಲ. ಸ್ಟರ್ಟೆವಂಟ್ ಆ ಒಂದು ತಲೆಮಾರನ್ನೇ ಬಳಸಿಕೊಂಡರು. ಸಿಮ್ಯುಲನ್ಸ್ ಪ್ರಭೇದದಲ್ಲೂ ಹಳದಿ ಮೈ, ಬಿಳಿ ಕಣ್ಣು ಮುಂತಾದ ಉತ್ಪರಿವರ್ತನೆಗಳು ಕಂಡುಬಂದಿದ್ದವು. ಒಂದು ಪ್ರಭೇದದ ಹಳದಿ ನೊಣವನ್ನು ಇನ್ನೊಂದರ ಹಳದಿ ನೊಣದೊಡನೆ ಕೂಡಿಸಿದಾಗ ಹುಟ್ಟುವ ಹೆಣ್ಣುಮರಿಯೂ ಹಳದಿಯಾಗಿದ್ದರೆ ಎರಡರಲ್ಲೂ ಕೆಟ್ಟಿರುವುದು ಒಂದೇ ವಂಶವಾಹಿ. ಮರಿ ಸಹಜ ಬಣ್ಣದ್ದಾಗಿದ್ದರೆ ಬೇರೆ ಬೇರೆ ವಂಶವಾಹಿಗಳು. ನೋಟಕ್ಕೆ ಸಮಾನವಾದದ್ದೆಲ್ಲ ಮೂಲದಲ್ಲಿ ಸಮಾನವಲ್ಲ ಎಂಬ ಎಚ್ಚರ ಈ ಪರೀಕ್ಷೆಯ ಹಿಂದೆ ಇದೆ. ಬಂಧುತ್ವ ನಿರ್ಣಯದಲ್ಲಿ ಗುರುತುಗಳನ್ನು ಬಳಸುವ ಯಾರಿಗೇ ಆದರೂ ಇಂದಿಗೂ ಮೊದಲು ಬೇಕಾದದ್ದು ಇದೇ ಎಚ್ಚರ.

ಬಳಿಕ ಎರಡೂ ಪ್ರಭೇದಗಳ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಬಹುಪಾಲು ಗುರುತುಗಳು ಅದೇ ಕ್ರಮದಲ್ಲಿದ್ದವು. ಆದರೆ ಮೂರನೆಯ ವರ್ಣತಂತುವಿನ ಒಂದು ಭಾಗದಲ್ಲಿ ಕ್ರಮ ಹಿಂದುಮುಂದಾಗಿತ್ತು. ವರ್ಣತಂತುವಿನ ತುಂಡೊಂದು ಎರಡು ಕಡೆ ಮುರಿದು, ತಿರುಗಿ, ಮತ್ತೆ ಅದೇ ಜಾಗಕ್ಕೆ ಅಂಟಿಕೊಂಡರೆ ಹೀಗಾಗುತ್ತದೆ. ಇದಕ್ಕೆ ವಿಲೋಮ ಎಂದು ಹೆಸರು. 1921ರಲ್ಲಿ ಸ್ಟರ್ಟೆವಂಟ್ ಪ್ರಕಟಿಸಿದ ಈ ಫಲಿತಾಂಶ ವಿಲೋಮವೊಂದರ ಮೊದಲ ಪುರಾವೆ. ಮೆಲನೊಗ್ಯಾಸ್ಟರ್‌ನ ಕೆಲವು ತಳಿಗಳಲ್ಲಿ ತುಂಡುಗಳ ಅದಲುಬದಲನ್ನು ತಡೆಯುತ್ತಿದ್ದ ನಿಗೂಢ ಅಂಶವೂ ವಿಲೋಮವೇ ಎಂದು 1926ರಲ್ಲಿ ಅವರು ಸಾಧಿಸಿದರು. ವಿಲೋಮಗೊಂಡ ಭಾಗದೊಳಗಿನ ಗುರುತುಗಳು ಚೆದುರದೆ ಒಂದು ಕಟ್ಟಾಗಿ ಮುಂದಿನ ತಲೆಮಾರಿಗೆ ಸಾಗುತ್ತವೆ ಎಂಬುದು ಇದರ ತಾತ್ಪರ್ಯ.

ವಿಲೋಮಗಳಿಂದ ವಂಶವೃಕ್ಷ

1928ರಲ್ಲಿ ಮಾರ್ಗನ್ ಕ್ಯಾಲಿಫೋರ್ನಿಯದ ಪಾಸಡೀನದಲ್ಲಿರುವ ಕ್ಯಾಲ್ಟೆಕ್ ಸಂಸ್ಥೆಗೆ ಹೋದಾಗ ಸ್ಟರ್ಟೆವಂಟ್ ಕೂಡ ತಳಿವಿಜ್ಞಾನದ ಪ್ರಾಧ್ಯಾಪಕರಾಗಿ ಅಲ್ಲಿಗೆ ತೆರಳಿದರು. ಹಿಂದಿನ ವರ್ಷವಷ್ಟೇ ಸೋವಿಯತ್ ರಷ್ಯದಿಂದ ಬಂದಿದ್ದ ಥಿಯೊಡೋಸಿಯಸ್ ಡೊಬ್ಜಾನ್ಸ್ಕಿ ಜೊತೆಗಿದ್ದರು. ಇಬ್ಬರಿಗೂ ಕೀಟ ಸಂಗ್ರಹದ ಹುಚ್ಚು. ಇಬ್ಬರ ಗಮನವೂ ಪಶ್ಚಿಮ ಅಮೆರಿಕದ ಪರ್ವತಗಳಲ್ಲಿ ವಾಸಿಸುವ ಡ್ರೊಸೊಫಿಲ ಸ್ಯೂಡೊಅಬ್ಸ್ಕ್ಯೂರ ಎಂಬ ನೊಣದ ಕಡೆಗೆ ಹರಿಯಿತು. ಇದರಲ್ಲಿ ನೋಟಕ್ಕೆ ಒಂದೇ ತೆರನಾದ, ಕೂಡಿಸಿದರೆ ಗಂಡುಮರಿಗಳು ಬಂಜೆಯಾಗುವ ಎರಡು ಪಂಗಡಗಳಿರುವುದು ಆಗಲೇ ತಿಳಿದಿತ್ತು. ಎ ಮತ್ತು ಬಿ ಎಂದು ಕರೆಯಲಾಗುತ್ತಿದ್ದ ಇವುಗಳಲ್ಲಿ ಬಿ ಪಂಗಡಕ್ಕೆ 1944ರಲ್ಲಿ ಡ್ರೊಸೊಫಿಲ ಪರ್ಸಿಮಿಲಿಸ್ ಎಂಬ ಪ್ರತ್ಯೇಕ ಹೆಸರು ಬಂತು.

1933ರ ಹೊತ್ತಿಗೆ ಹೊಸ ಸೌಲಭ್ಯವೊಂದು ಒದಗಿತ್ತು. ನೊಣದ ಡಿಂಭದ ಲಾಲಾಗ್ರಂಥಿಗಳಲ್ಲಿ ವರ್ಣತಂತುಗಳು ದೈತ್ಯ ಗಾತ್ರಕ್ಕೆ ಬೆಳೆದು, ಅವುಗಳ ಮೇಲಿನ ಅಡ್ಡಪಟ್ಟೆಗಳು ಸ್ಪಷ್ಟವಾಗಿ ಕಾಣುತ್ತವೆ ಎಂದು ಟೆಕ್ಸಸ್‌ನ ಥಿಯೊಫಿಲಸ್ ಪೇಂಟರ್ ತೋರಿಸಿದ್ದರು. ಸಾವಿರಾರು ಮರಿಗಳನ್ನು ಎಣಿಸಿ ಊಹಿಸಬೇಕಿದ್ದ ವಿಲೋಮವನ್ನು ಇನ್ನು ಮುಂದೆ ಕಣ್ಣಿನಿಂದಲೇ ನೋಡಬಹುದಾಯಿತು. ಬೇರೆ ಬೇರೆ ಬೆಟ್ಟಗಳಿಂದ ತಂದ ನೊಣಗಳ ಮೂರನೆಯ ವರ್ಣತಂತುವಿನಲ್ಲಿ ಪಟ್ಟೆಗಳ ಕ್ರಮ ಬೇರೆ ಬೇರೆಯಾಗಿರುವುದು ಕಂಡುಬಂತು. ಇಂಥ ಕ್ರಮಗಳಿಗೆ ಆರೋಹೆಡ್, ಪೈಕ್ಸ್ ಪೀಕ್, ಸಾಂತಾ ಕ್ರೂಜ್ ಎಂದು ಸ್ಥಳಗಳ ಹೆಸರು ಬಂದವು. ಹೋಲಿಕೆಗೆ ಆಧಾರವಾಗಿ ತೆಗೆದುಕೊಂಡ ಕ್ರಮವನ್ನು ಸ್ಟ್ಯಾಂಡರ್ಡ್ ಎಂದು ಕರೆಯಲಾಯಿತು.

ಸ್ಟರ್ಟೆವಂಟ್ ಮತ್ತು ಡೊಬ್ಜಾನ್ಸ್ಕಿ 1936ರಲ್ಲಿ ಪ್ರಕಟಿಸಿದ ಕಿರುಲೇಖನದ ತರ್ಕವನ್ನು ಅಂಕಿಗಳಿಂದ ಸುಲಭವಾಗಿ ಅರಿಯಬಹುದು. ಒಂದು ವರ್ಣತಂತುವಿನ ಕ್ರಮ 1-2-3-4-5-6-7-8-9 ಎಂದಿರಲಿ. 2ರಿಂದ 5ರವರೆಗಿನ ತುಂಡು ತಿರುಗಿದರೆ 1-5-4-3-2-6-7-8-9 ಎಂಬ ಎರಡನೆಯ ಕ್ರಮ ಬರುತ್ತದೆ. ಇದರಲ್ಲಿ 3-2-6-7 ಎಂಬ ತುಂಡು ತಿರುಗಿದರೆ 1-5-4-7-6-2-3-8-9 ಎಂಬ ಮೂರನೆಯದು. ಮೊದಲ ಕ್ರಮದಿಂದ ಮೂರನೆಯದಕ್ಕೆ ಒಂದೇ ಹೆಜ್ಜೆಯಲ್ಲಿ ಹೋಗಲಾಗದು. ಎರಡನೆಯದನ್ನು ಹಾಯ್ದೇ ಹೋಗಬೇಕು. ಅದೇ ಎರಡು ಬಿಂದುಗಳಲ್ಲಿ ಅದೇ ಬಗೆಯ ಮುರಿತ ಪ್ರತ್ಯೇಕವಾಗಿ ಮತ್ತೊಮ್ಮೆ ನಡೆಯುವ ಸಂಭವ ತೀರ ಕಡಿಮೆ. ಆದ್ದರಿಂದ ಒಂದೇ ವಿಲೋಮವನ್ನು ಹೊತ್ತ ನೊಣಗಳು ಒಂದೇ ಪೂರ್ವಜನಿಂದ ಬಂದವೆಂದು ಭಾವಿಸಬಹುದು. ಹೀಗೆ ಒಂದರ ಮೇಲೊಂದು ಹಾಯ್ದ ವಿಲೋಮಗಳನ್ನು ಸರಪಳಿಯಂತೆ ಜೋಡಿಸಿ, ಇಡೀ ನೊಣಸಮೂಹದ ವಂಶವೃಕ್ಷವನ್ನು ರಚಿಸಲು ಸಾಧ್ಯವಾಯಿತು. 1938ರಲ್ಲಿ ಇಬ್ಬರೂ ಅದನ್ನು ವಿಸ್ತರಿಸಿದರು.

ಈ ವೃಕ್ಷದ ಒಂದು ಕೊಂಡಿ ಪ್ರಸಿದ್ಧವಾಗಿದೆ. ಸ್ಟ್ಯಾಂಡರ್ಡ್ ಮತ್ತು ಸಾಂತಾ ಕ್ರೂಜ್ ಕ್ರಮಗಳ ನಡುವೆ ಒಂದು ಕ್ರಮ ಇದ್ದಿರಲೇಬೇಕಿತ್ತು, ಆದರೆ ಹಿಡಿದ ಯಾವ ನೊಣದಲ್ಲೂ ಅದು ದೊರೆಯಲಿಲ್ಲ. ಲೇಖಕರು ಅದನ್ನು ಕಲ್ಪಿತ ಕ್ರಮ ಎಂದೇ ಹೆಸರಿಸಿ ವೃಕ್ಷದಲ್ಲಿ ಅದರ ಸ್ಥಾನವನ್ನು ಗುರುತಿಸಿದರು. ಪಳೆಯುಳಿಕೆಯ ನೆರವಿಲ್ಲದೆ, ಬದುಕಿರುವ ನೊಣಗಳ ವರ್ಣತಂತುಗಳಿಂದಲೇ ಪೂರ್ವಜನೊಬ್ಬನ ರೂಪರೇಖೆಯನ್ನು ಹೇಳಿದಂತಾಯಿತು. ಎ ಮತ್ತು ಬಿ ಪಂಗಡಗಳೆರಡರಲ್ಲೂ ಕಂಡುಬಂದ ಏಕೈಕ ಕ್ರಮ ಸ್ಟ್ಯಾಂಡರ್ಡ್ ಆಗಿದ್ದರಿಂದ ಎರಡು ಪಂಗಡಗಳು ಕವಲೊಡೆದ ಜಾಗವೂ ವೃಕ್ಷದಲ್ಲಿ ಗೋಚರಿಸಿತು.

ವಿಧಾನಕ್ಕೆ ಮಿತಿಯೂ ಇದೆ. ಮೂರು ಕ್ರಮಗಳಲ್ಲಿ ನಡುವಿನದು ಯಾವುದು ಎಂಬುದನ್ನು ಅದು ಹೇಳುತ್ತದೆಯೇ ಹೊರತು ಎಲ್ಲಕ್ಕಿಂತ ಹಳೆಯದು ಯಾವುದು ಎಂಬುದನ್ನಲ್ಲ. ಮೇಲಿನ ಉದಾಹರಣೆಯಲ್ಲಿ ಪಯಣ ಒಂದನೆಯದರಿಂದ ಮೂರನೆಯದಕ್ಕೆ ಸಾಗಿರಬಹುದು, ಮೂರನೆಯದರಿಂದ ಒಂದನೆಯದಕ್ಕೆ ಸಾಗಿರಬಹುದು, ಇಲ್ಲವೇ ಎರಡನೆಯದರಿಂದ ಎರಡೂ ಕಡೆಗೆ ಕವಲೊಡೆದಿರಬಹುದು. ದಿಕ್ಕನ್ನು ನಿರ್ಧರಿಸಲು ಹೊರಗಿನ ಬಂಧುಪ್ರಭೇದವೊಂದರ ಹೋಲಿಕೆ ಬೇಕು. ಅಲ್ಲದೆ, ವಿಲೋಮಗಳು ನೈಸರ್ಗಿಕ ಆಯ್ಕೆಗೆ ಒಳಪಡದ ನಿಷ್ಪಕ್ಷಪಾತ ಗುರುತುಗಳೆಂದು ಮೊದಲು ಭಾವಿಸಲಾಗಿತ್ತು. ಒಂದೇ ಬೆಟ್ಟದಲ್ಲಿ ಋತುಮಾನಕ್ಕೆ ತಕ್ಕಂತೆ ಅವುಗಳ ಪ್ರಮಾಣ ಏರಿಳಿಯುವುದನ್ನು ಡೊಬ್ಜಾನ್ಸ್ಕಿ ಮುಂದೆ ಕಂಡುಕೊಂಡರು. ಇದರಿಂದ ವೃಕ್ಷದ ರಚನೆ ಬದಲಾಗಲಿಲ್ಲವಾದರೂ, ಯಾವ ಕ್ರಮ ಎಲ್ಲಿ ಹೆಚ್ಚಾಗಿದೆ ಎಂಬುದರ ಅರ್ಥ ಬದಲಾಯಿತು.

ಈ ಕೆಲಸ ನಡೆಯುತ್ತಿದ್ದಾಗಲೇ ಇಬ್ಬರ ಗೆಳೆತನ ಹಳಸಿತು. ಕಾರಣಗಳ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಡೊಬ್ಜಾನ್ಸ್ಕಿ 1940ರಲ್ಲಿ ಕೊಲಂಬಿಯಕ್ಕೆ ಹೊರಟುಹೋದರು. ನಿಸರ್ಗದಲ್ಲಿನ ನೊಣಸಮೂಹಗಳ ಕುರಿತ ಅವರ ಪ್ರಖ್ಯಾತ ಲೇಖನಮಾಲೆಯ ಯೋಜನೆಯಲ್ಲಿ ಸ್ಟರ್ಟೆವಂಟ್ ಅವರ ಪಾಲಿತ್ತು. ಅದರ ಕೀರ್ತಿ ಮಾತ್ರ ಬಹುಮಟ್ಟಿಗೆ ಡೊಬ್ಜಾನ್ಸ್ಕಿಯವರಿಗೆ ಸಂದಿತು. ಇಂದು ವಿಲೋಮಗಳ ಅಧ್ಯಯನವೆಂದರೆ ಓದುಗರಿಗೆ ಮೊದಲು ನೆನಪಾಗುವ ಹೆಸರು ಡೊಬ್ಜಾನ್ಸ್ಕಿಯವರದೇ.

ಕುಲದ ವರ್ಗೀಕರಣ

ಒಂದಕ್ಕೊಂದು ಕೂಡದಷ್ಟು ದೂರವಾದ ಪ್ರಭೇದಗಳಿಗೆ ಮಿಶ್ರತಳಿ ಪರೀಕ್ಷೆಯಾಗಲಿ ವಿಲೋಮಗಳ ಸರಪಳಿಯಾಗಲಿ ನೆರವಾಗುವುದಿಲ್ಲ. ಅಲ್ಲಿ ಸ್ಟರ್ಟೆವಂಟ್ ಇನ್ನೂ ಸ್ಥೂಲವಾದ ಗುರುತನ್ನು ಹಿಡಿದರು. ಚೀನದಿಂದ ಬಂದಿದ್ದ ಯುವ ವಿಜ್ಞಾನಿ ತಾನ್ ಜಿಯಾಜೆನ್ ಜೊತೆ 1937ರಲ್ಲಿ ಮೆಲನೊಗ್ಯಾಸ್ಟರ್ ಮತ್ತು ಸ್ಯೂಡೊಅಬ್ಸ್ಕ್ಯೂರಗಳ ವಂಶವಾಹಿಗಳನ್ನು ಹೋಲಿಸಿದರು. 1941ರಲ್ಲಿ ಎಡ್ವರ್ಡ್ ನೊವಿಟ್ಸ್ಕಿಯವರೊಡನೆ ಹಲವು ಪ್ರಭೇದಗಳ ನಕ್ಷೆಗಳನ್ನು ಒಟ್ಟಿಗೆ ಇಟ್ಟು, ಡ್ರೊಸೊಫಿಲ ಕುಲದುದ್ದಕ್ಕೂ ಆರು ಮೂಲ ವರ್ಣತಂತು ಘಟಕಗಳಿವೆ ಎಂದು ತೋರಿಸಿದರು. ಘಟಕದೊಳಗೆ ವಂಶವಾಹಿಗಳ ಕ್ರಮ ಎಷ್ಟೇ ಕಲಸಿಹೋಗಿದ್ದರೂ, ಒಂದು ಘಟಕದ ವಂಶವಾಹಿ ಇನ್ನೊಂದಕ್ಕೆ ಹಾರುವುದು ಅಪರೂಪ. ಇದೇ ಕಾಲಕ್ಕೆ ಇದೇ ತೀರ್ಮಾನಕ್ಕೆ ಬಂದಿದ್ದ ಮುಲ್ಲರ್ ಅವರ ಹೆಸರಿನಿಂದ ಇವನ್ನು ಮುಲ್ಲರ್ ಘಟಕಗಳೆನ್ನುತ್ತಾರೆ. 2007ರಲ್ಲಿ ಹನ್ನೆರಡು ಪ್ರಭೇದಗಳ ಸಂಪೂರ್ಣ ಡಿಎನ್ಎ ಅನುಕ್ರಮವನ್ನು ಹೋಲಿಸಿದಾಗ ಬಹುಪಾಲು ವಂಶವಾಹಿಗಳು ತಮ್ಮ ಘಟಕದಲ್ಲೇ ಉಳಿದಿರುವುದು ದೃಢಪಟ್ಟಿತು.

ಗುರುತುಗಳನ್ನಷ್ಟೇ ನಂಬಿ ಕುಳಿತವರಲ್ಲ ಸ್ಟರ್ಟೆವಂಟ್. ಮೊಟ್ಟೆಯ ಮೇಲಿನ ಎಳೆಗಳು, ವೀರ್ಯಕೋಶ, ವಿಸರ್ಜನಾ ನಾಳಗಳು ಮುಂತಾದ ಅಂಗರಚನೆಗಳನ್ನು ಅಭ್ಯಸಿಸಿ 1942ರಲ್ಲಿ ಡ್ರೊಸೊಫಿಲ ಕುಲದ ವಿಸ್ತೃತ ವರ್ಗೀಕರಣವನ್ನು ನೀಡಿದರು. ಅದಕ್ಕೂ ಮೊದಲು, 1939ರಲ್ಲಿ, ಮೆಲನೊಗ್ಯಾಸ್ಟರ್ ಮತ್ತು ಅದರ ಬಂಧುಗಳಿಗೆ ಸೊಫೊಫೊರ ಎಂಬ ಉಪಕುಲವನ್ನು ರಚಿಸಿದ್ದರು. ಗ್ರೀಕಿನಲ್ಲಿ ಅದರ ಅರ್ಥ ಜ್ಞಾನವನ್ನು ಹೊತ್ತದ್ದು ಎಂದು. ಈ ಉಪಕುಲ ಇತ್ತೀಚೆಗೆ ಒಂದು ವಿವಾದಕ್ಕೂ ಕಾರಣವಾಗಿದೆ. ಡಿಎನ್ಎ ಆಧಾರಿತ ವೃಕ್ಷಗಳ ಪ್ರಕಾರ ಡ್ರೊಸೊಫಿಲ ಕುಲವನ್ನು ಒಡೆಯುವುದು ನ್ಯಾಯ. ಹಾಗೆ ಒಡೆದರೆ ಜಗತ್ಪ್ರಸಿದ್ಧ ಮೆಲನೊಗ್ಯಾಸ್ಟರ್ ತನ್ನ ಕುಲನಾಮವನ್ನೇ ಕಳೆದುಕೊಂಡು ಸೊಫೊಫೊರ ಮೆಲನೊಗ್ಯಾಸ್ಟರ್ ಆಗಬೇಕಾಗುತ್ತದೆ. ಮೆಲನೊಗ್ಯಾಸ್ಟರನ್ನೇ ಕುಲದ ಮಾದರಿ ಪ್ರಭೇದವಾಗಿಸಿ ಇದನ್ನು ತಪ್ಪಿಸುವ ಕೋರಿಕೆಯನ್ನು ಅಂತಾರಾಷ್ಟ್ರೀಯ ಪ್ರಾಣಿನಾಮಕರಣ ಆಯೋಗ 2010ರಲ್ಲಿ ತಿರಸ್ಕರಿಸಿತು. ಸದ್ಯಕ್ಕೆ ಕುಲವನ್ನು ಒಡೆಯದೆ ಹಳೆಯ ಹೆಸರನ್ನೇ ಬಳಸಲಾಗುತ್ತಿದೆ.

ವರ್ಣತಂತುಗಳ ಹೋಲಿಕೆಯಿಂದ ನೊಣಗಳ ಬಂಧುತ್ವವನ್ನು ಅರಿಯುವ ಈ ಪರಂಪರೆ ಕರ್ನಾಟಕದಲ್ಲೂ ಬೇರೂರಿದೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೊಫಿಲ ನಾಸುಟ ಮತ್ತು ಅದರ ಬಂಧುಗಳ ವಿಲೋಮಗಳನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆದಿದೆ. ಅಲ್ಲಿ ಡ್ರೊಸೊಫಿಲ ತಳಿಗಳ ಸಂಗ್ರಹ ಕೇಂದ್ರವೂ ಇದೆ.

ವಿಕಿರಣದ ವಿರುದ್ಧ ದನಿ

ಮಿತಭಾಷಿಯಾದ ಸ್ಟರ್ಟೆವಂಟ್ ಸಾರ್ವಜನಿಕ ವಿವಾದಕ್ಕೆ ಇಳಿದದ್ದು ಅಪರೂಪ. 1954ರ ಮಾರ್ಚ್‌ನಲ್ಲಿ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ನಡೆದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ನಂತರ, ಅಮೆರಿಕದ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್ ಹೆಚ್ಚಿದ ವಿಕಿರಣ ಅಪಾಯದ ಮಟ್ಟಕ್ಕಿಂತ ಬಹಳ ಕೆಳಗಿದೆ ಎಂದು ಜನರಿಗೆ ಭರವಸೆ ನೀಡಿದರು. ಅದೇ ವರ್ಷ ಜೂನ್‌ನಲ್ಲಿ ವಿಜ್ಞಾನಿಗಳ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ ಸ್ಟರ್ಟೆವಂಟ್ ಇದನ್ನು ನೇರವಾಗಿ ಅಲ್ಲಗಳೆದರು. ಕ್ಷಕಿರಣದಿಂದ ಉತ್ಪರಿವರ್ತನೆ ಉಂಟಾಗುತ್ತದೆಂದು ಮುಲ್ಲರ್ ನೊಣಗಳಲ್ಲಿ ತೋರಿಸಿ ಕಾಲು ಶತಮಾನವೇ ಕಳೆದಿತ್ತು. ವಂಶವಾಹಿಗಳ ಮಟ್ಟಿಗೆ ನಿರಪಾಯಕಾರಿಯಾದ ಪ್ರಮಾಣ ಎಂಬುದಿಲ್ಲ, ಪ್ರತಿಯೊಂದು ಅಲ್ಪ ಪ್ರಮಾಣವೂ ಮುಂದಿನ ತಲೆಮಾರುಗಳಲ್ಲಿ ಯಾರೋ ಒಬ್ಬರ ಮೇಲೆ ಹಾನಿಯಾಗಿ ಎರಗುತ್ತದೆ ಎಂಬುದು ಅವರ ವಾದ. ಪರೀಕ್ಷೆಗಳನ್ನು ನಡೆಸಬೇಕೇ ಬೇಡವೇ ಎಂಬುದು ಬೇರೆ ಪ್ರಶ್ನೆ, ಆದರೆ ತೆರುತ್ತಿರುವ ಬೆಲೆಯನ್ನು ಜನರಿಂದ ಮರೆಮಾಚಬಾರದು ಎಂಬ ನಿಲುವು ಅವರದಾಗಿತ್ತು. ಅವರ ಶಿಷ್ಯ ಎಡ್ವರ್ಡ್ ಲೂಯಿಸ್ 1957ರಲ್ಲಿ ವಿಕಿರಣಕ್ಕೂ ರಕ್ತದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ವಿಶ್ಲೇಷಿಸಿ ಈ ಚರ್ಚೆಯನ್ನು ಮುಂದುವರಿಸಿದರು.

ಇತರ ಸಂಶೋಧನೆಗಳು ಮತ್ತು ಕೊನೆಯ ವರ್ಷಗಳು

ವಂಶವಾಹಿಯ ಪರಿಣಾಮ ಅದರ ನೆರೆಹೊರೆಯನ್ನೂ ಅವಲಂಬಿಸಿದೆ ಎಂಬ ಸ್ಥಾನಪರಿಣಾಮವನ್ನು 1925ರಲ್ಲಿ ಕಂಡುಹಿಡಿದವರು ಸ್ಟರ್ಟೆವಂಟ್. ಬಸವನಹುಳುವಿನ ಚಿಪ್ಪು ಯಾವ ದಿಕ್ಕಿಗೆ ಸುರುಳಿ ಸುತ್ತುತ್ತದೆ ಎಂಬುದು ಅದರ ಸ್ವಂತ ವಂಶವಾಹಿಯಿಂದಲ್ಲ, ತಾಯಿಯ ವಂಶವಾಹಿಯಿಂದ ನಿರ್ಧಾರವಾಗುತ್ತದೆ ಎಂದು 1923ರಲ್ಲಿ ವಿವರಿಸಿದರು. ದೇಹದ ಒಂದು ಭಾಗ ಹೆಣ್ಣು, ಇನ್ನೊಂದು ಭಾಗ ಗಂಡು ಆಗಿರುವ ವಿಚಿತ್ರ ನೊಣಗಳ ಚಿತ್ರಗಳನ್ನು ಅವರು ಬಿಡಿಸಿಟ್ಟಿದ್ದರು. ಭ್ರೂಣದ ಯಾವ ಭಾಗ ಯಾವ ಅಂಗವಾಗುತ್ತದೆ ಎಂಬುದನ್ನು ನಕ್ಷೆಗಿಳಿಸಲು ಆ ಹಳೆಯ ಚಿತ್ರಗಳನ್ನು 1969ರಲ್ಲಿ ಇತರರು ಬಳಸಿಕೊಂಡರು. ಐರಿಸ್ ಹೂಗಿಡಗಳ ತಳಿಸಂವರ್ಧನೆ ಅವರ ಬಿಡುವಿನ ಹವ್ಯಾಸವಾಗಿತ್ತು.

ನೊಬೆಲ್ ಪ್ರಶಸ್ತಿ ಅವರಿಗೆ ಬರಲಿಲ್ಲ. 1933ರಲ್ಲಿ ಅದನ್ನು ಪಡೆದ ಮಾರ್ಗನ್, ಬಹುಮಾನದ ಹಣವನ್ನು ತಮ್ಮ ಮಕ್ಕಳ ಜೊತೆಗೆ ಬ್ರಿಜಸ್ ಮತ್ತು ಸ್ಟರ್ಟೆವಂಟ್ ಅವರ ಮಕ್ಕಳಿಗೂ ಹಂಚಿದರು. ಮುಲ್ಲರ್ 1946ರಲ್ಲಿ, ಶಿಷ್ಯ ಲೂಯಿಸ್ 1995ರಲ್ಲಿ ಆ ಪ್ರಶಸ್ತಿಗೆ ಪಾತ್ರರಾದರು. ಸ್ಟರ್ಟೆವಂಟ್ ಅವರಿಗೆ 1967ರ ಸಾಲಿನ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಸಂದಿತು.

1965ರಲ್ಲಿ ಅವರು ಬರೆದ ತಳಿವಿಜ್ಞಾನದ ಇತಿಹಾಸ ಇಂದಿಗೂ ಓದಲ್ಪಡುವ ಗ್ರಂಥ. ಅದರ ಅನುಬಂಧದಲ್ಲಿ ವಿಜ್ಞಾನಿಗಳ ಬೌದ್ಧಿಕ ವಂಶಾವಳಿಗಳಿದ್ದು, ಯಾರು ಯಾರ ಶಿಷ್ಯರು ಎಂಬುದನ್ನು ಗೆರೆಗಳಿಂದ ಜೋಡಿಸಿ ತೋರಿಸಲಾಗಿದೆ. ಸ್ಟರ್ಟೆವಂಟ್ 1970ರ ಏಪ್ರಿಲ್ 5ರಂದು, ತಮ್ಮ 78ನೆಯ ವಯಸ್ಸಿನಲ್ಲಿ, ಪಾಸಡೀನದಲ್ಲಿ ನಿಧನರಾದರು.